ನೀಲಿ ದಾರದ ದೊಡ್ಡಕ್ಕ

“ಬಾಗಿಲು ಕೀಳೋಕೆ ಹೇಳಿದವರು ಯಾರಯ್ಯಾ ನಿನಗೆ? ಇದೇನು ನಿಮ್ಮಪ್ಪನ ಮನೆ ಕೊಟ್ಟಿಗೆನಾ?”

ಫೋಟೋ ಮೇಷ್ಟ್ರು ನನ್ನ ಮೂಗಿನ ತನಕ ಬೆರಳು ತಂದು ಕೇಳಿದರು. ನನ್ನ ಕೈಯಲ್ಲಿ ಅವರ ಕತ್ತಲೆಕೋಣೆಯ ಬಾಗಿಲಿತ್ತು. ಇಡೀ ಬಾಗಿಲು, ಕೀಲು ಸಮೇತ. ಅಷ್ಟು ಭಾರ ಹೊತ್ತವನ ಹತ್ತಿರ ಜಗಳಕ್ಕೆ ನಿಲ್ಲಬಾರದು ಎಂಬ ಬುದ್ಧಿ ಪ್ರೊಫೆಸರ್ ಆದವರಿಗೆ ಇರಬೇಕಾಗಿತ್ತು.

“ನಮ್ಮಪ್ಪನ ಸುದ್ದಿಗೆ ಬಂದ್ರೆ ಇದು ನಿಮ್ಮ ಕಾಲ ಮೇಲೇ ಬೀಳುತ್ತೆ” ಎಂದೆ.

“ಬೀಳಿಸು ನೋಡೋಣ.”

“ಕಾಲು ಸ್ವಲ್ಪ ಮುಂದಿಡಿ, ಬೀಳಿಸ್ತೀನಿ.”

ಅಷ್ಟರಲ್ಲಿ ಅತ್ತಿಗೆ ನಮ್ಮಿಬ್ಬರ ನಡುವೆ ಬಂದು ನಿಂತರು. ನನ್ನ ಅಣ್ಣನ ಹೆಂಡತಿ. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ, ವಿಶ್ವವಿದ್ಯಾಲಯದವರು ರಜಾ ಶಿಬಿರಕ್ಕೆ ಬರುವ ಶಾಲಾಮಕ್ಕಳ ರಕ್ಷಣೆಗೆಂದು ಅವರನ್ನು ಕರೆದು ಕೂರಿಸಿಕೊಂಡಿದ್ದಾರೆ. ಕೂರಿಸಿಕೊಂಡಿದ್ದಾರೆ ಎನ್ನುವುದು ಮಾತಿಗೆ. ಅವರು ಕೂತಿದ್ದನ್ನು ನಾನಂತೂ ನೋಡಿಲ್ಲ. ಬಂದ ಮೊದಲ ವಾರವೇ, ಬಚ್ಚಲುಮನೆಗಳನ್ನು ಬಿಟ್ಟು, ಮಕ್ಕಳು ಓಡಾಡುವ ಎಲ್ಲಾ ಕೋಣೆಗಳ ಒಳಚಿಲಕ ತೆಗೆಸಿದರು. ತೆಗೆದವನು ಇಲ್ಲಿನ ಬಡಗಿಯಾದ ನಾನು. ಅಂದಿನಿಂದ ಮಕ್ಕಳ ಬಾಯಲ್ಲಿ ಅವರು ಚಿಲಕದಮ್ಮ, ನಾನು ಮರದ ಮಾವ. ನಮ್ಮ ಮನೆಯ ಚಿಲಕಗಳನ್ನಾದರೂ ಉಳಿಸು ಎಂದು ಅಣ್ಣ ಅವರಿಗೆ ಕೈಮುಗಿದಿದ್ದಾನೆ.

“ಹೇಳಿದ್ದು ನಾನು” ಎಂದರು ಅತ್ತಿಗೆ. “ಬೈಯೋದಿದ್ರೆ ನನ್ನನ್ನ ಬೈರಿ. ಅವನ ಕೈ ಸೋಲುತ್ತೆ.”

ಮೇಷ್ಟ್ರು ಧಾರಾಳವಾಗಿ ಬೈದರು. ಬಾಗಿಲಿಲ್ಲದ ಕತ್ತಲೆಕೋಣೆ ಬರೀ ಕೋಣೆಯೆಂದೂ, ಮಕ್ಕಳ ಫೋಟೋಗಳನ್ನು ಇನ್ನು ರಸ್ತೆಯಲ್ಲಿ ಕೂತು ತೊಳೆಯಬೇಕೆಂದೂ, ನಾನು ಬಾಗಿಲೆಳೆದ ಹೊಡೆತಕ್ಕೆ ಒಂದು ಪೆಟ್ಟಿಗೆ ಫೋಟೋ ಕಾಗದಕ್ಕೆ ಬೆಳಕು ಬಡಿದು ಹಾಳಾಯಿತೆಂದೂ, ಪೊಲೀಸ್ ಬುದ್ಧಿ ವಿದ್ಯೆ ಕಲಿಸುವ ಜಾಗಕ್ಕೆ ಬಂದರೆ ಹೀಗೇ ಆಗುವುದೆಂದೂ ಹೇಳಿದರು. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನನ್ನ ಕೈಯ ಬಾಗಿಲನ್ನು ತಿರುಗಿಸಿ ಅದರ ಒಳಮೈ ತೋರಿಸಿದರು. ಅಲ್ಲೊಂದು ಹೊಸ ಚಿಲಕ ಹೊಳೆಯುತ್ತಿತ್ತು.

“ಇದನ್ನ ಹಾಕಿಸಿದ್ದು ಯಾರು?”

ಮೇಷ್ಟ್ರ ಸದ್ದು ಅರ್ಧಕ್ಕೆ ಇಳಿಯಿತು. ಹಾಕಿಸಿದ್ದಲ್ಲ, ತಾವೇ ಹಾಕಿದ್ದು ಎಂದರು. ಹುಡುಗರು ಹೇಳದೆ ಕೇಳದೆ ನುಗ್ಗಿ ಬೆಳಕು ಬಿಡುತ್ತಿದ್ದರಂತೆ. ಅವರೇ ಹಾಕಿದ್ದು ಎಂಬುದನ್ನು ನಾನು ಬೇಗ ನಂಬಿದೆ. ಸ್ಕ್ರೂಗಳೆಲ್ಲ ಕುಡಿದು ನಿಂತವರ ಹಾಗೆ ಒಂದೊಂದು ಕಡೆಗೆ ವಾಲಿದ್ದವು.

ಹಿಂದಿನ ದಿನ ಹಾಸ್ಟೆಲಿನಲ್ಲಿ ಮಿಡತೆ ಎಂಬ ಹುಡುಗಿಯ ಹಾಸಿಗೆಯ ಕೆಳಗೆ ಅವಳದಲ್ಲದ ಒಂದು ಮೊಬೈಲು ಸಿಕ್ಕಿತ್ತು. ಕೊಟ್ಟವರು ಯಾರೆಂದು ಅವಳು ಬಾಯಿ ಬಿಟ್ಟಿರಲಿಲ್ಲ.

ಮಿಡತೆಗೆ ಹದಿಮೂರು ವರ್ಷ. ಉದ್ದ ಕಾಲು, ಮೆಟ್ಟಿಲನ್ನು ಹಾರಿಯೇ ಇಳಿಯುವ ಅಭ್ಯಾಸ, ಅದಕ್ಕೇ ಆ ಹೆಸರು. ಶಿಬಿರದ ಮಕ್ಕಳ ಫೋನುಗಳೆಲ್ಲ ಆಫೀಸಿನ ಕಪಾಟಿನಲ್ಲಿರುತ್ತವೆ. ಮನೆಗೆ ಮಾತಾಡುವುದು ಆಫೀಸಿನ ಫೋನಿನಲ್ಲಿ. ಸಿಕ್ಕಿದ ಮೊಬೈಲಿನಲ್ಲಿದ್ದದ್ದು ಒಂದೇ ನಂಬರು, ಅದಕ್ಕೆ ಹೆಸರಿಲ್ಲ. ಅತ್ತಿಗೆ ಕೂಡಲೇ ಠಾಣೆಗೂ ಮಿಡತೆಯ ತಾಯಿಗೂ ತಿಳಿಸಿದ್ದರು. ತಾಯಿ ನರ್ಸು. ಅಂಥ ಮೊಬೈಲನ್ನು ತಾನು ಕಳಿಸಿಲ್ಲ, ನಾಳೆ ಸಂಜೆ ಬಸ್ಸಿಗೆ ಹೊರಟು ಬರುತ್ತೇನೆ ಎಂದಿದ್ದಳು.

“ನಿನ್ನೆ ಮಿಡತೆ ಹತ್ತಿರ ಯಾರೋ ಗುಟ್ಟಾಗಿ ಕೊಟ್ಟ ಮೊಬೈಲು ಸಿಕ್ಕಿದೆ. ಅವಳು ದಿನಾ ಮಧ್ಯಾಹ್ನ ಈ ಕೋಣೇಲೇ ಇರ್ತಿದ್ದಳು. ಒಳಗಿಂದ ಚಿಲಕ” ಎಂದರು ಅತ್ತಿಗೆ. “ನನ್ನ ಜಾಗದಲ್ಲಿ ನೀವಿದ್ರೆ ಏನಂದ್ಕೋತಿದ್ರಿ?”

ಮೇಷ್ಟ್ರ ಮುಖ ಬಿಳಚಿಕೊಂಡಿತು. ಮೊಬೈಲಿನ ಸುದ್ದಿ ಅವರಿಗೆ ಗೊತ್ತಾದದ್ದು ಆಗಷ್ಟೇ.

“ಒಂದು ದಿನಾನೂ ಆ ಮಗು ಜೊತೆ ನಾನೊಬ್ಬನೇ ಇರಲಿಲ್ಲ ತಾಯಿ. ಸಹಾಯಕ್ಕೆ ಬರೋ ದೊಡ್ಡಕ್ಕ ಜೊತೇಲೇ ಇರ್ತಿದ್ದಳು. ಕೇಳಿ ನೋಡಿ. ನಿಯಮ ಮೀರಿದ್ರೆ ನನ್ನನ್ನ ಇವತ್ತೇ ಮನೆಗೆ ಕಳಿಸಿ.”

ಹೊರಗೆ ಬಂದ ಮೇಲೆ ನಾನು ಅತ್ತಿಗೆಗೆ ಖಡಾಖಂಡಿತವಾಗಿ ಹೇಳಿದೆ, ಇವನೇ ಎಂದು. ಅಷ್ಟು ಕೂಗಾಡುವವನು, ಅದೂ ಕದ್ದು ಚಿಲಕ ಹಾಕಿಕೊಂಡವನು, ಇನ್ನೇನು ಬೇಕು.

“ಕೋಪ ಬಂದ ತಕ್ಷಣ ನಿನಗೆ ಕಳ್ಳ ಸಿಕ್ಕಿಬಿಡ್ತಾನೆ” ಎಂದರು ಅತ್ತಿಗೆ. “ಬಾಗಿಲು ಗೋಡೆಗೆ ಒರಗಿಸು. ಅಲ್ಲಿಗೆ ಎರಡು ದಪ್ಪ ಪರದೆ ಹಾಕು, ಒಂದರ ಹಿಂದೆ ಒಂದು. ಬೆಳಕೂ ಬರಬಾರದು, ಒಳಗಿನ ಮಾತೂ ಹೊರಗೆ ಕೇಳಿಸಬೇಕು.”

ಪರದೆ ಹಾಕಿದೆ. ಮೇಷ್ಟ್ರು ಒಳಗೆ ನಿಂತು ಪರೀಕ್ಷೆ ಮಾಡಿದರು. ಬಾಗಿಲಿಗಿಂತ ಕತ್ತಲಾಗಿದೆ ಎಂದು ಒಪ್ಪಿಕೊಳ್ಳಲು ಅವರಿಗೆ ಬಹಳ ಕಷ್ಟವಾಯಿತು. ಒಪ್ಪಿಕೊಂಡರು.

ಈಗ ಆ ನಿಯಮದ ವಿಷಯ. ಅದು ಸಣ್ಣ ನಿಯಮ. ಮಗು ಇರುವ ಕಡೆ ದೊಡ್ಡವರು ಇಬ್ಬರಿರಬೇಕು. ಪಾಠವಾಗಲಿ, ಆಟವಾಗಲಿ, ಡಾಕ್ಟರ ಹತ್ತಿರ ಹೋಗುವುದಾಗಲಿ, ಒಬ್ಬರೇ ಇರಕೂಡದು. ಶಿಬಿರ ಶುರುವಾಗುವ ಮೊದಲು ಸಂಯೋಜಕರು ನಮ್ಮನ್ನೆಲ್ಲ ಒಂದು ಹಾಲ್‌ನಲ್ಲಿ ಕೂರಿಸಿ ಇದನ್ನು ಹೇಳಿಕೊಟ್ಟಿದ್ದರು. ಪ್ರೊಫೆಸರುಗಳು, ಅಡುಗೆಯವರು, ತೋಟದವರು, ನಾನು, ಎಲ್ಲರೂ ಇದ್ದೆವು. ಸಂಯೋಜಕರು ಎಂದರೆ ಇಡೀ ಶಿಬಿರ ನಡೆಸುವವರು. ಬೆಣ್ಣೆಯಂಥ ಮಾತು. ಅವರು ಗದರಿದ್ದನ್ನು ಕೇಳಿದವರಿಲ್ಲ. ಯಾವ ಕೋಣೆಗೆ ಯಾವ ಇಬ್ಬರು ಎಂದು ಗೊತ್ತುಮಾಡುವವರೂ ಅವರೇ.

ಗುರುತಿಗೆ ಕೊರಳ ದಾರ. ಮಕ್ಕಳಿಗೆ ಹಳದಿ, ವಿಶ್ವವಿದ್ಯಾಲಯದವರಿಗೆ ನೀಲಿ. ಇಲ್ಲಿ ಓದುವ ಹುಡುಗ ಹುಡುಗಿಯರು ಸಹಾಯಕ್ಕೆ ಬಂದರೆ ಅವರಿಗೂ ನೀಲಿಯೇ. ಕೋಣೆಗೆ ಇಣುಕಿದಾಗ ನೀಲಿ ದಾರ ಎರಡು ಕಂಡರೆ ಸರಿ, ಮುಂದಕ್ಕೆ ನಡೆ. ಅತ್ತಿಗೆಯೂ ಹಾಗೇ ನಡೆದಿದ್ದರು, ನಾನೂ ಹಾಗೇ ನಡೆದಿದ್ದೆ.

ದೊಡ್ಡಕ್ಕನನ್ನು ಹುಡುಕಿಕೊಂಡು ಮೈದಾನಕ್ಕೆ ಹೋದೆವು. ಚಹಾದ ಹೊತ್ತು. ಹುಡುಗರು ನನ್ನ ಮರಗೆಲಸದ ಕೊಟ್ಟಿಗೆಯಿಂದ ಎತ್ತಿಕೊಂಡು ಹೋದ ಹಲಗೆತುಂಡುಗಳಿಗೆ ಹಳೇ ಸೈಕಲ್ಲಿನ ಚಕ್ರ ಕಟ್ಟಿ ಒಂದು ಗಾಡಿ ಮಾಡಿದ್ದರು. ಅದು ನೆಟ್ಟಗೆ ಹೋಗುತ್ತಿರಲಿಲ್ಲ, ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಿತ್ತು. ಆದರೂ ಎಲ್ಲರಿಗೂ ಅದರಲ್ಲೇ ಕೂರಬೇಕು. ಬಾಯಿ ತುಂಬ ಬಿಸ್ಕತ್ತು, ಮೈ ತುಂಬ ಮಣ್ಣು. ಮಕ್ಕಳ ಆ ಗಲಾಟೆ ಕೇಳಿದರೆ ನನ್ನಂಥವನ ಕೋಪವೂ ಇಳಿಯುತ್ತದೆ.

ಅವರ ನಡುವೆ ದೊಡ್ಡಕ್ಕ. ಭೌತಶಾಸ್ತ್ರ ಓದುವ ಹುಡುಗಿ, ಎತ್ತರದ ಆಳು. ಯಾವ ಮಗು ಅತ್ತರೂ ಸೊಂಟಕ್ಕೆ ಎತ್ತಿಕೊಳ್ಳುವವಳು. ಎರಡು ಕ್ಲಾಸು ಹಾರಿ ಇಲ್ಲಿಗೆ ಬಂದ ಜಾಣೆ ಎಂದು ಎಲ್ಲರಿಗೂ ಅವಳ ಮೇಲೆ ಅಭಿಮಾನ.

ಹುಡುಗರು ಅವಳನ್ನು ಗಾಡಿಯ ಮುಂದಿನ ಹಲಗೆಗೆ ಎಳೆಯುತ್ತಿದ್ದರು. ನಿನಗೆ ಗಾಡಿ ಹೊಡೆಯೋಕೆ ಬರಲ್ಲ ಎಂದು ಒಬ್ಬ ಛೇಡಿಸಿದ. ಅವಳು ಸೊಂಟಕ್ಕೆ ಕೈಯಿಟ್ಟು ಉತ್ತರ ಕೊಟ್ಟಳು.

“ಬರುತ್ತೆ ಕಣೋ. ಮುಂದಿನ ವರ್ಷ ಲೈಸೆನ್ಸ್ ಸಿಗಲಿ, ನಿಜವಾದ ಕಾರಲ್ಲೇ ಕೂರಿಸ್ಕೊಂಡು ಹೋಗ್ತೀನಿ.”

ಅತ್ತಿಗೆ ಬಾಯಿಗೆ ಎತ್ತಿದ್ದ ಚಹಾ ಲೋಟವನ್ನು ಹಾಗೇ ಕೆಳಗಿಳಿಸಿದರು.

“ಮುಂದಿನ ವರ್ಷ ಯಾಕಮ್ಮ? ಈ ವರ್ಷ ಯಾಕೆ ಕೊಡಲ್ಲ?”

“ಹದಿನೆಂಟು ಆಗಬೇಕಲ್ಲ ಆಂಟಿ” ಎಂದಳು ದೊಡ್ಡಕ್ಕ, ಇದು ಯಾರಿಗೆ ಗೊತ್ತಿಲ್ಲ ಎಂಬ ಹಾಗೆ.

ಹದಿನೇಳು. ಸಣ್ಣ ವಯಸ್ಸಿಗೇ ಬಂದವಳು ಎಂದು ಕುಲಪತಿಗಳಿಂದ ಹಿಡಿದು ಅಡುಗೆಯವರ ತನಕ ಎಲ್ಲರೂ ಹೊಗಳಿದ್ದರು. ಸಣ್ಣ ವಯಸ್ಸು ಅಂದರೆ ಎಷ್ಟು ಎಂದು ಒಬ್ಬರೂ ಕೇಳಿರಲಿಲ್ಲ. ವಿಶ್ವವಿದ್ಯಾಲಯದ ದಾರ ಕೊರಳಿಗೆ ಬಿತ್ತು, ಅವಳು ದೊಡ್ಡವಳಾದಳು. ಇಂಥ ತಪ್ಪು ಮಾಡಲು ತುಂಬಾ ಓದಿದವರೇ ಬೇಕು ಎಂದು ನಾನು ಬೈದೆ. ನನ್ನ ಕೊರಳಿನ ದಾರವೂ ನೀಲಿಯೇ ಎಂದು ಅತ್ತಿಗೆ ನೆನಪಿಸಿದರು.

“ಕತ್ತಲೆಕೋಣೇಲಿ ಇಬ್ಬರು ದೊಡ್ಡವರು ಇರಲಿಲ್ಲ” ಎಂದರು ಅತ್ತಿಗೆ. “ಒಬ್ಬ ದೊಡ್ಡವನು, ಇಬ್ಬರು ಮಕ್ಕಳು.”

ದೊಡ್ಡಕ್ಕನನ್ನು ಹಾಸ್ಟೆಲಿನ ಜಗಲಿಯಲ್ಲಿ ಕೂರಿಸಿಕೊಂಡು ಮಾತಾಡಿದರು. ನಾನು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಮಾತು ಕೇಳದಷ್ಟು ದೂರದಲ್ಲಿ, ಒಂದು ಕಿಟಕಿಯ ಚೌಕಟ್ಟಿಗೆ ಕೀಸುಳಿ ಹಾಕುತ್ತಾ ನಿಂತೆ. ಎರಡನೆಯ ದೊಡ್ಡವನು ನಾನು. ಈಗ ಅದಕ್ಕೆ ಅರ್ಥ ಬಂದಿತ್ತು.

ಹುಡುಗಿ ಮೊದಲು ನಗುತ್ತಿದ್ದಳು. ಆಮೇಲೆ ನಗಲಿಲ್ಲ. ಆಮೇಲೆ ಅತ್ತಿಗೆಯ ಹೆಗಲಿಗೆ ಮುಖ ಒತ್ತಿಕೊಂಡಳು. ಕೀಸಬೇಕಾದ ಮರಕ್ಕಿಂತ ಹೆಚ್ಚು ಕೀಸಿದೆ; ಆ ಚೌಕಟ್ಟು ಈಗ ಯಾವ ಕಿಟಕಿಗೂ ಕೂರುವುದಿಲ್ಲ.

ಅತ್ತಿಗೆ ನನಗೆ ಹೇಳಿದ್ದು ಇಷ್ಟು. ಫೋಟೋ ಮೇಷ್ಟ್ರು ಕೂಗಾಡುತ್ತಾರೆ, ಆದರೆ ಮಕ್ಕಳಿಗೆ ಒಂದು ಕೆಟ್ಟ ಮಾತಾಡಿದ್ದಿಲ್ಲ. ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಮೂವರೂ ಕೂತು ಫೋಟೋ ತೊಳೆದದ್ದು ಬಿಟ್ಟರೆ ಬೇರೇನೂ ನಡೆದಿಲ್ಲ. ಆದರೆ ಮೊಬೈಲನ್ನು ಮಿಡತೆಯ ಕೈಗೆ ಕೊಟ್ಟವಳು ದೊಡ್ಡಕ್ಕನೇ. ಕೊಡು ಎಂದು ಅವಳ ಕೈಗಿಟ್ಟವರು ಸಂಯೋಜಕರು. ಮಗುವಿನ ತಾಯಿ ಕಳಿಸಿದ್ದಾರೆ, ಬೇರೆ ಮಕ್ಕಳು ಕಂಡರೆ ಬೇಜಾರು ಮಾಡಿಕೊಳ್ಳುತ್ತಾರೆ, ಗುಟ್ಟಾಗಿ ಕೊಟ್ಟುಬಿಡು ಎಂದಿದ್ದರಂತೆ.

“ಸಾರ್ ಹೇಳಿದ ಮೇಲೆ ಯಾಕೆ ಅಂತ ಕೇಳೋದು ಹೇಗೆ ಆಂಟಿ ಅಂತಾಳೆ” ಎಂದರು ಅತ್ತಿಗೆ. “ಅದಕ್ಕೇ ಕಣೋ ಎರಡನೆಯವರು ದೊಡ್ಡವರಾಗಿರಬೇಕು ಅನ್ನೋದು. ಕಾವಲು ಕಾಯೋಕಲ್ಲ. ಬೇಡ ಅನ್ನೋಕೆ.”

ಇನ್ನೂ ಒಂದು ಮಾತಿತ್ತು. ದೊಡ್ಡಕ್ಕನ ವಯಸ್ಸು ಸಂಯೋಜಕರಿಗೆ ಗೊತ್ತಿತ್ತು. ಅವಳನ್ನು ಇಲ್ಲಿ ಹಾಸ್ಟೆಲಿಗೆ ಬಿಡಲು ಮನೆಯವರು ಹಿಂದೆ ಮುಂದೆ ನೋಡಿದಾಗ, ಮನೆಗೇ ಹೋಗಿ ಒಪ್ಪಿಸಿದವರು ಅವರು.

ನಾನು ಕೀಸುಳಿ ಕೈಯಲ್ಲಿ ಹಿಡಿದೇ ಸಂಯೋಜಕರ ಕೋಣೆಯ ಕಡೆ ಹೊರಟೆ. ಅತ್ತಿಗೆ ಹಿಂದಿನಿಂದ ನನ್ನ ಅಂಗಿ ಹಿಡಿದು ನಿಲ್ಲಿಸಿದರು. ಮೊದಲು ಮಗು, ಆಮೇಲೆ ಅವರು ಎಂದರು.

ಮಿಡತೆ ಅದೇ ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತಳು. ಅವಳಿಗೆ ಇದ್ದ ಹೆದರಿಕೆ ಒಂದೇ, ಶಿಬಿರದಿಂದ ಮನೆಗೆ ಕಳಿಸಿಬಿಡುತ್ತಾರೆ ಎಂದು. ಅವಳು ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ ಚಂದ್ರನ ಫೋಟೋ ತೆಗೆದಿದ್ದಳು, ಅದನ್ನಿನ್ನೂ ತೊಳೆದಿರಲಿಲ್ಲ. ಅದನ್ನು ನೋಡದೆ ಹೋಗಲಾರಳು. ಅತ್ತಿಗೆ ಅವಳಿಗೆ ಮಾತು ಕೊಟ್ಟರು. ಮೊಬೈಲು ಇಟ್ಟುಕೊಂಡದ್ದಕ್ಕೆ ಯಾರೂ ಕಳಿಸುವುದಿಲ್ಲ, ಚಂದ್ರ ಎಲ್ಲಿಗೂ ಹೋಗುವುದಿಲ್ಲ, ಇವತ್ತೇ ತೊಳೆಸಿಕೊಡುತ್ತೇನೆ ಎಂದು.

ಆಗ ಹುಡುಗಿ ನಲ್ಲಿ ತಿರುಗಿಸಿದ ಹಾಗೆ ಹೇಳಿದಳು. ಮೊಬೈಲಿಗೆ ಬರುತ್ತಿದ್ದದ್ದು ಬರೀ ಬರಹ, ದನಿ ಇಲ್ಲ. ಓದಿದ ಕೂಡಲೇ ಅಳಿಸು ಎಂಬ ಆಜ್ಞೆ. ನೀನು ಎಲ್ಲರಿಗಿಂತ ಚುರುಕು, ಬೆಟ್ಟದ ಮೇಲೆ ದೊಡ್ಡ ದೂರದರ್ಶಕ ಇದೆ, ನಿನ್ನೊಬ್ಬಳಿಗೇ ತೋರಿಸುತ್ತೇನೆ, ಭಾನುವಾರ ಹಿಂದಿನ ಗೇಟಿಗೆ ಕಾರು ಬರುತ್ತದೆ, ಯಾರಿಗೂ ಹೇಳಬೇಡ. ಬರೆಯುವವರು ಯಾರು ಎಂದು ಅವಳಿಗೆ ಗೊತ್ತಿಲ್ಲ. ವಿಶ್ವವಿದ್ಯಾಲಯದ ದೊಡ್ಡವರು ಎಂದಷ್ಟೇ ಗೊತ್ತು.

“ನನ್ನ ಗೆಳತೀನೂ ಕರ್ಕೊಂಡು ಬರ್ತೀನಿ ಅಂತ ಕೇಳ್ದೆ. ಬೇಡ ಅಂದ್ರು” ಎಂದಳು. “ಕಾರಲ್ಲಿ ಜಾಗ ಇರುತ್ತಲ್ಲ ಆಂಟಿ. ನಾವಿಬ್ಬರೂ ಸಣ್ಣಗಿದ್ದೀವಿ.”

“ಅಲ್ಲೇ ನಿನಗೆ ಅನುಮಾನ ಬಂತು, ಅಲ್ವಾ?”

ಹೌದೆಂದು ತಲೆಯಾಡಿಸಿದಳು. ಅದಾದ ಮೇಲೆ ಅವಳು ಉತ್ತರವನ್ನೇ ಕೊಟ್ಟಿರಲಿಲ್ಲ, ಹಾಸಿಗೆಯ ಕೆಳಗೆ ತುರುಕಿ ಬಿಟ್ಟಿದ್ದಳು. ಅತ್ತಿಗೆ ಅವಳ ಕೆನ್ನೆ ಹಿಂಡಿ, ಪೊಲೀಸಿನಲ್ಲಿ ನನ್ನ ಜೊತೆಗಿದ್ದ ಎಷ್ಟೋ ಜನಕ್ಕೆ ಇಷ್ಟು ಬುದ್ಧಿ ಇರಲಿಲ್ಲ ಎಂದರು. ಮಿಡತೆ ಎರಡು ಬಾಳೆಹಣ್ಣು ತಿಂದು, ಮೂರನೆಯದು ಗೆಳತಿಗೆ ಎಂದು ಜೇಬಿಗೆ ಹಾಕಿಕೊಂಡು, ಜಗಲಿಯ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರಿದಳು.

ಆ ನೆಗೆತ ನೋಡಿ ನನಗೆ ಎದೆ ಹಗುರವಾಯಿತು. ಏನೂ ಆಗಿರಲಿಲ್ಲ. ಮಗು ನಮ್ಮ ಕೈಯಲ್ಲಿತ್ತು.

ಫೋಟೋ ಮೇಷ್ಟ್ರಿಗೆ ಅತ್ತಿಗೆ ಎಲ್ಲವನ್ನೂ ಹೇಳಲಿಲ್ಲ, ಬೇಕಾದಷ್ಟೇ ಹೇಳಿದರು. ಅವರು ನನ್ನ ಹತ್ತಿರ ಬಂದು ನಿಮ್ಮಪ್ಪನ ವಿಷಯಕ್ಕೆ ಬಂದದ್ದು ತಪ್ಪಾಯಿತು ಎಂದರು. ನಿಮ್ಮ ಕಾಲು ಉಳಿಯಿತು ಬಿಡಿ ಎಂದೆ. ಎರಡನೆಯ ದೊಡ್ಡವರಾಗಿ ಹಾಸ್ಟೆಲಿನ ವಾರ್ಡನಮ್ಮ ಬಂದು ಕತ್ತಲೆಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡರು. ಮಿಡತೆ, ಅವಳ ಗೆಳತಿ, ದೊಡ್ಡಕ್ಕ ಮೂವರೂ ಪರದೆಯ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಟ್ಟೆಯ ನೀರಿನಲ್ಲಿ ಚಂದ್ರ ಮೂಡಿದ ಎಂದು ಮೂವರ ದನಿ ಒಟ್ಟಿಗೆ ಕೇಳಿತು. ಬಾಗಿಲಿದ್ದರೆ ಕೇಳುತ್ತಿರಲಿಲ್ಲ.

ಅಲ್ಲಿಂದ ನಾವಿಬ್ಬರೂ ಸಂಯೋಜಕರ ಕೋಣೆಗೆ ಹೋದೆವು. ಕೀಸುಳಿಯನ್ನು ಅತ್ತಿಗೆ ಕಸಿದುಕೊಂಡು ವಾರ್ಡನಮ್ಮನ ಹತ್ತಿರ ಬಿಟ್ಟಿದ್ದರು.

ಸಂಯೋಜಕರು ಎದ್ದು ನಿಂತು ಅತ್ತಿಗೆಗೆ ಕುರ್ಚಿ ಎಳೆದರು. ಗೋಡೆ ತುಂಬ ಮಕ್ಕಳು ಬರೆದ ಚಿತ್ರಗಳು. ಅತ್ತಿಗೆ ಮೊಬೈಲನ್ನು ಮೇಜಿನ ನಡುವೆ ಇಟ್ಟರು. ಅವರು ಅದನ್ನು ನೋಡಿದರು, ಮುಟ್ಟಲಿಲ್ಲ.

ಕೊಟ್ಟದ್ದು ನಾನೇ ಎಂದು ಅವರು ಕೂಡಲೇ ಒಪ್ಪಿದರು. ತಾಯಿ ಕಳಿಸಿದ್ದರು, ಮಗು ಮನೆ ನೆನೆಸಿಕೊಂಡು ಅಳುತ್ತಿತ್ತು, ನಿಯಮ ಸ್ವಲ್ಪ ಸಡಿಲ ಮಾಡಿದೆ, ಅದು ತಪ್ಪೇ ಎಂದರು. ಎಲ್ಲವೂ ಆ ಬೆಣ್ಣೆ ದನಿಯಲ್ಲಿ.

“ತಾಯಿ ಕಳಿಸಿಲ್ಲ. ನಾನು ಮಾತಾಡಿದ್ದೀನಿ” ಎಂದರು ಅತ್ತಿಗೆ.

ನಗು ತುಟಿಯ ಮೇಲೆ ಉಳಿಯಿತು, ಕಣ್ಣಿನಿಂದ ಇಳಿಯಿತು. ಅವರು ನಿಯಮದ ಮೊರೆ ಹೊಕ್ಕರು. ತಾವು ಆ ಮಗುವನ್ನು ಒಂಟಿಯಾಗಿ ಭೇಟಿಯಾದದ್ದೇ ಇಲ್ಲ, ಅವಳಿದ್ದ ಕಡೆ ಸದಾ ಇಬ್ಬರು ದೊಡ್ಡವರಿದ್ದರು, ಬೇಕಾದರೆ ಯಾರನ್ನಾದರೂ ಕೇಳಿ ಎಂದರು.

“ಇಬ್ಬರಲ್ಲಿ ಒಬ್ಬಳಿಗೆ ಹದಿನೇಳು.”

“ಹೌದಾ?” ಎಂದರು ಸಂಯೋಜಕರು. “ನನಗೆ ಗೊತ್ತೇ ಇರಲಿಲ್ಲ.”

“ಅವಳಮ್ಮನಿಗೆ ಈಗ ತಾನೇ ಫೋನ್ ಮಾಡಿದ್ದೆ. ನೀವೇ ಅವರ ಅಡುಗೆಮನೇಲಿ ಕೂತು, ಇನ್ನೂ ಮಗು, ನನ್ನ ಮಗಳ ಹಾಗೆ ನೋಡ್ಕೋತೀನಿ ಅಂದ್ರಂತೆ. ಆ ಮಗೂನೇ ದೊಡ್ಡವಳು ಅಂತ ಲೆಕ್ಕಕ್ಕೆ ಹಿಡಿದು, ಇನ್ನೊಂದು ಮಗು ಪಕ್ಕ ಕೂರಿಸಿದ್ರಿ.”

ನನಗೆ ತಡೆಯಲಾಗಲಿಲ್ಲ. ಎದ್ದೆ. ಅತ್ತಿಗೆ ತಲೆ ತಿರುಗಿಸದೆ ಕೂತ್ಕೋ ಎಂದರು. ಕೂತೆ. ಸಂಯೋಜಕರು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ಅವುಗಳನ್ನೇ ನೋಡುತ್ತಿದ್ದರು. ನನ್ನ ಮನಸ್ಸಿನಲ್ಲಿ ಕತೆ ಮುಗಿದಿತ್ತು. ಬರೆದವನೂ ಇವನೇ, ಕಾರು ತರುವವನೂ ಇವನೇ.

ಆಗ ಮೇಜಿನ ಮೇಲಿನ ಮೊಬೈಲು ಗುರ್ರೆಂದು ನಡುಗಿತು.

ಅದೇ ನಂಬರು. ಅತ್ತಿಗೆ ಓದಿ, ನನ್ನ ಕಡೆ ತಿರುಗಿಸಿದರು. ‘ಭಾನುವಾರ ಬೇಡ. ಇವತ್ತೇ ಸಂಜೆ ಬಾ’ ಎಂದಿತ್ತು.

ಸಂಯೋಜಕರ ಎರಡೂ ಕೈಗಳು ಮೇಜಿನ ಮೇಲೆ ನಮ್ಮ ಕಣ್ಣೆದುರೇ ಇದ್ದವು.

ಅತ್ತಿಗೆ ಮಾತಾಡುವ ಮೊದಲು ಮಾಡಬೇಕಾದ ಕೆಲಸ ಮಾಡಿದರು. ವಾರ್ಡನಮ್ಮನಿಗೆ ಫೋನು ಹಚ್ಚಿ, ಮಕ್ಕಳು ಕತ್ತಲೆಕೋಣೆಯಲ್ಲೇ ಇರಲಿ, ಮಿಡತೆ ನಿಮ್ಮ ಪಕ್ಕ ಬಿಟ್ಟು ಅಲ್ಲಾಡಬಾರದು ಎಂದರು. ಠಾಣೆಗೆ ಹಚ್ಚಿ, ಜೀಪು ಮುಂದಿನ ಗೇಟಿಗೆ ಬರಲಿ, ಹಿಂದಿನ ಗೇಟಿಗೆ ಇಬ್ಬರು ಮಫ್ತಿಯಲ್ಲಿ ಹೋಗಲಿ ಎಂದರು. ಆಮೇಲೆ ಸಂಯೋಜಕರ ಕಡೆ ತಿರುಗಿದರು.

“ಇದನ್ನ ನಿಮ್ಮ ಕೈಗೆ ಕೊಟ್ಟವರು ಯಾರು?”

ಅವರ ಬೆಣ್ಣೆ ದನಿ ಆಗ ಕರಗಿಹೋಯಿತು. ಮೇಲಿನವರೊಬ್ಬರು ಮಗುವಿಗೆ ಒಳ್ಳೇದಾಗಲಿ ಅಂತ ಕೊಟ್ಟರು ಎಂದುಕೊಂಡಿದ್ದೆ ಎಂದರು. ಕತ್ತಲೆಕೋಣೆಗೆ ದೊಡ್ಡಕ್ಕನನ್ನೇ ಹಾಕು ಎಂದವರೂ ಅವರೇ ಎಂದರು. ಯಾಕೆ ಎಂದು ಕೇಳಲಿಲ್ಲ ಎಂದರು. ನಿಮಗೆ ಅನುಮಾನ ಬರಲಿಲ್ಲವೇ ಎಂದು ಅತ್ತಿಗೆ ಕೇಳಿದರು.

“ಬಂತು. ಆದ್ರೆ ಅವರು ದೊಡ್ಡವರು. ಬೇಡ ಅನ್ನೋಕೆ ಆಗಲಿಲ್ಲ.”

“ಹಾಗಾದ್ರೆ ನಿಮಗೂ ಹದಿನೇಳೇ” ಎಂದರು ಅ‌ತ್ತಿಗೆ.

ಹೊಡೆದರೂ ಅಷ್ಟು ತಾಗುತ್ತಿರಲಿಲ್ಲ. ಮನುಷ್ಯ ಎದ್ದು ನಿಂತರು. ಕೊರಳಿನ ದಾರ ತೆಗೆದು ಮೇಜಿನ ಮೇಲಿಟ್ಟರು, ಅಂಗಿ ಸರಿಮಾಡಿಕೊಂಡರು.

“ಹೆಸರು ನನ್ನ ಬಾಯಿಂದ ಬೇಡಮ್ಮ. ಅವರನ್ನೇ ಕರ್ಕೊಂಡು ಬರ್ತೀನಿ. ನಿಮ್ಮ ಮುಂದೆ ಅವರೇ ಹೇಳಲಿ.”

ಹೆಸರು ಹೇಳಿ ಹೋಗಿ ಎಂದು ಅತ್ತಿಗೆ ಅಂದರು. ಅವರು ಕೇಳಿಸಿಕೊಳ್ಳಲಿಲ್ಲ, ಆಗಲೇ ಹೊಸಿಲು ದಾಟಿದ್ದರು. ಹಿಡಿದು ನಿಲ್ಲಿಸಲು ಅತ್ತಿಗೆಗೆ ಈಗ ಪೊಲೀಸ್ ಅಧಿಕಾರವಿಲ್ಲ. ನನಗೆ ಕಣ್ಣಲ್ಲೇ ಹೇಳಿದರು. ನಾನು ಹಿಂದೆ ಹೊರಟೆ.

ಸಂಯೋಜಕರು ಹುಲ್ಲುಹಾಸು ದಾಟಿ ಆಡಳಿತ ಕಟ್ಟಡದ ಕಡೆ ನೆಟ್ಟಗೆ ನಡೆದರು. ಓಡಲಿಲ್ಲ, ಅತ್ತಿತ್ತ ನೋಡಲಿಲ್ಲ. ಮೆಟ್ಟಿಲ ಮೇಲೆ ನಿಂತು ಒಮ್ಮೆ ತಿರುಗಿ, ನನ್ನನ್ನು ಕಂಡು, ಇಲ್ಲೇ ಇರು ಎನ್ನುವಂತೆ ಕೈ ತೋರಿಸಿದರು. ತಪ್ಪೊಪ್ಪಿಕೊಳ್ಳಲು ಹೊರಟ ಮನುಷ್ಯ, ಬೆನ್ನು ಬೀಳುವುದು ಬೇಡ ಎಂದು ನಾನು ಮೆಟ್ಟಿಲ ಮೇಲೇ ಕೂತೆ. ಕತ್ತಲೆಕೋಣೆಯ ಕಡೆಯಿಂದ ಮಕ್ಕಳ ನಗು ಕೇಳುತ್ತಿತ್ತು. ಗಾಳಿ ಹಿತವಾಗಿತ್ತು. ಮಗು ಉಳಿಯಿತು, ಇನ್ನು ಉಳಿದದ್ದು ಒಂದು ಹೆಸರು ಎಂದುಕೊಂಡೆ.

ಜೀಪು ಬಂತು. ಇನ್‌ಸ್ಪೆಕ್ಟರ್ ಇಳಿದರು. ಅತ್ತಿಗೆ ಅವರ ಜೊತೆ ಬಿರಬಿರನೆ ಬಂದರು.

ಎಲ್ಲಿ ಎಂದರು. ಒಳಗಿದ್ದಾರೆ, ಈ ಮೆಟ್ಟಿಲು ಬಿಟ್ಟು ನಾನು ಅಲ್ಲಾಡಿಲ್ಲ, ಯಾರೂ ಹೊರಗೆ ಬಂದಿಲ್ಲ ಎಂದೆ.

“ಹಿಂದಿನ ಬಾಗಿಲು?” ಎಂದರು ಅತ್ತಿಗೆ.

ಹಿಂದಿನ ಬಾಗಿಲು ಇತ್ತು. ಕಳೆದ ಬೇಸಿಗೆಯಲ್ಲಿ ಅದನ್ನು ಕೂರಿಸಿದವನು ನಾನೇ.

ಓಡಿದೆ. ಬಾಗಿಲು ಹಾರುಹೊಡೆದಿತ್ತು. ಆಚೆ ಕಾಲುದಾರಿ, ಎರಡು ಬದಿಗೂ ಬೇಲಿಗಿಡ, ನರಪಿಳ್ಳೆಯೂ ಇಲ್ಲ.

ಇನ್‌ಸ್ಪೆಕ್ಟರ್ ಕಟ್ಟಡದ ಒಳಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು. ಸಂಯೋಜಕರು ಬಂದದ್ದನ್ನು ಎಲ್ಲರೂ ನೋಡಿದ್ದರು. ಗುಮಾಸ್ತರು ನೋಡಿದ್ದರು, ಜವಾನರು ನೋಡಿದ್ದರು, ಕಸ ಗುಡಿಸುವವಳು ದಾರಿ ಬಿಟ್ಟಿದ್ದಳು. ಯಾರ ಕೋಣೆಗೆ ಹೋದರು ಎಂದು ಕೇಳಿದರೆ ಮಾತ್ರ ಎಲ್ಲರೂ ನೆಲ ನೋಡಿದರು.

ಆ ಸಂಜೆ ಹಿಂದಿನ ಗೇಟಿಗೆ ಕಾರು ಬರಲಿಲ್ಲ. ಸಂಯೋಜಕರೂ ತಿರುಗಿ ಬರಲಿಲ್ಲ.